ಕ್ಯೂಓಎಸ್ (ಯಾವ ಟ್ರಾಫಿಕ್ ಮೊದ್ಲು ಹೋಗ್ಬೇಕು ಅಂತ ತೀರ್ಮಾನಿಸೋ ವ್ಯವಸ್ಥೆ) ಆನ್ ಮಾಡಿದ್ಮೇಲೆ ವಾಯ್ಸ್ ಇನ್ನೂ ಹದಗೆಡ್ತು, ಸ್ವಿಚ್‌ನಲ್ಲಿ ಎಲ್ಲಿ ತಪ್ಪಿದೆ?

ಆಫೀಸ್_ನೆಟ್‌ವರ್ಕ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಇದ್ರಲ್ಲೇ ಮುಳುಗಿದೀನಿ, ಗೊತ್ತಿರೋರು ಯಾರಾದ್ರೂ ದಾರಿ ತೋರ್ಸಿ ಪ್ಲೀಸ್.

ಸೆಟಪ್ ಹೀಗಿದೆ. ಒಂದೇ ಫ್ಲೋರ್‌ಗೆ ಸಿಸ್ಕೋ ಕ್ಯಾಟಲಿಸ್ಟ್ 2960 ಸೀರೀಸಿನ 48 ಪೋರ್ಟ್ ಸ್ವಿಚ್ ಎರಡು, ಎಲ್ಲಾ ಪೋರ್ಟೂ ಗಿಗಾಬಿಟ್, ಒಂದೊಂದರಿಂದ್ಲೂ ಕೋರ್‌ಗೆ (ಎಲ್ಲಾ ಸ್ವಿಚ್ ಸೇರೋ ಮುಖ್ಯ ಸ್ವಿಚ್, ಅದು ಕ್ಯಾಟಲಿಸ್ಟ್ 9300) ಒಂದೇ ಗಿಗಾಬಿಟ್ ಅಪ್‌ಲಿಂಕು. ಒಟ್ಟು 70 ಐಪಿ ಫೋನ್, ಬೇರೆ ಕಂಪ್ನಿದು, ಪ್ರತಿ ಫೋನಿನ ಹಿಂದೆ ಒಂದು ಪಿಸಿ. ವಾಯ್ಸ್ ವಿಎಲ್ಯಾನ್ (ಒಂದೇ ಸ್ವಿಚ್ಚಲ್ಲಿ ಬೇರೆ ಮಾಡಿದ ನೆಟ್‌ವರ್ಕ್) ಬೇರೆ, ಡೇಟಾ ವಿಎಲ್ಯಾನ್ ಬೇರೆ. ಕೋರ್‌ನಿಂದ ರೌಟರ್, ರೌಟರ್‌ನಿಂದ 100 ಎಂಬಿಪಿಎಸ್ ಇಂಟರ್ನೆಟ್ ಲೈನ್, ಹೊರಗಿನ ಕಾಲ್ ಎಲ್ಲಾ ಸಿಪ್ ಟ್ರಂಕ್ (ಇಂಟರ್ನೆಟ್ ಮೇಲಿನ ಫೋನ್ ಲೈನ್) ಮೇಲೆ ಹೋಗತ್ತೆ.

ತೊಂದ್ರೆ ಏನಂದ್ರೆ, ದಿನಕ್ಕೆ ನಾಲ್ಕೈದು ಸಲ ಪಿಸಿಗಳು ಬ್ಯಾಕಪ್ ಸರ್ವರ್‌ಗೆ ಫೈಲ್ ತಳ್ಳೋಕೆ ಶುರು ಮಾಡ್ತವೆ, ಆ ಹತ್ತು ಹದಿನೈದು ನಿಮಿಷ ಫೋನಲ್ಲಿ ಮಾತು ಕಡಿದು ಕಡಿದು ಹೋಗತ್ತೆ. ಆದ್ರೆ ಗಮನಿಸಿ, ನಾವು ಮಾತಾಡೋದು ಮಾತ್ರ ಆ ಕಡೆಯವ್ರಿಗೆ ಕಡಿದು ಕೇಳ್ಸತ್ತೆ, ಅವ್ರು ಹೇಳೋದು ನಮಗೆ ನೀಟಾಗಿ ಬರತ್ತೆ. ಇನ್ನೊಂದು ಆಫೀಸ್ ಬ್ಲಾಕಿನ ಎಕ್ಸ್‌ಟೆನ್ಷನ್‌ಗೆ ಮಾಡಿದ್ರೂ ಅಷ್ಟೇ, ಹೊರಗಡೆ ಕಾಲ್ ಮಾಡಿದ್ರೂ ಅಷ್ಟೇ.

ಎಲ್ಲೋ ಓದಿ ಎರಡೂ ಸ್ವಿಚ್‌ನಲ್ಲಿ "ಎಂಎಲ್‌ಎಸ್ ಕ್ಯೂಓಎಸ್" ಅಂತ ಗ್ಲೋಬಲ್ ಕಮಾಂಡ್ ಕೊಟ್ಟೆ, ಇನ್ನೇನೂ ಮುಟ್ಲಿಲ್ಲ. ಅಷ್ಟಕ್ಕೇ ವಾಯ್ಸ್ ಮುಂಚಿಗಿಂತ ಕೆಟ್ಟದಾಗಿದೆ, ಜೊತೆಗೆ ಫೈಲ್ ಕಾಪಿನೂ ನಿಧಾನ ಆಗಿದೆ. ಅಪ್‌ಲಿಂಕ್ ಗ್ರಾಫ್ ನೋಡಿದ್ರೆ 18 ಪರ್ಸೆಂಟ್ ದಾಟೋದೇ ಇಲ್ಲ, 5 ನಿಮಿಷದ ಆವರೇಜು. ಲಿಂಕ್ ಖಾಲಿ ಇದ್ದೂ ಪ್ಯಾಕೆಟ್ ಯಾಕೆ ಬೀಳತ್ತೆ? ಕ್ಯೂಓಎಸ್ ತೆಗೆದುಬಿಡ್ಲಾ?

ಹಳೇ_ಕೇಬಲ್:

ತೆಗೀಬೇಡಿ, ಆದ್ರೆ ಅರ್ಧಕ್ಕೆ ಬಿಟ್ಟಿದೀರಲ್ಲ ಅದನ್ನ ಪೂರ್ತಿ ಮಾಡ್ಲೇಬೇಕು. ಈ ಸೀರೀಸಿನಲ್ಲಿ ಆ ಒಂದು ಕಮಾಂಡ್ ಕೊಟ್ಟ ತಕ್ಷಣ ಎರಡು ಕೆಲ್ಸ ಒಟ್ಟಿಗೆ ಆಗತ್ತೆ, ಎರಡೂ ನಿಮಗೆ ವಿರುದ್ಧವಾಗೇ ಆಗಿರೋದು.

ಮೊದಲ್ನೇದು ನಂಬಿಕೆ. ಕ್ಯೂಓಎಸ್ ಆಫ್ ಇದ್ದಾಗ ಸ್ವಿಚ್ ಪ್ಯಾಕೆಟಿನ ಗುರುತು ಮುಟ್ಟೋದೇ ಇಲ್ಲ, ಫೋನ್ 46 ಅಂತ ಡಿಎಸ್‌ಸಿಪಿ (ಪ್ಯಾಕೆಟಿನ ಐಪಿ ಹೆಡರಲ್ಲಿರೋ ಆದ್ಯತೆ ಗುರುತು) ಹಾಕಿ ಕಳ್ಸಿದ್ರೆ 46 ಆಗೇ ಆಚೆ ಹೋಗತ್ತೆ. ಆನ್ ಮಾಡಿದ್ರಿ ಅಂದ್ರೆ ಎಲ್ಲಾ ಪೋರ್ಟೂ ಅನ್‌ಟ್ರಸ್ಟೆಡ್, ಒಳಗೆ ಬಂದಿದ್ದಕ್ಕೆಲ್ಲಾ 0 ಬರೆದು ಕಳ್ಸತ್ತೆ. ಅಂದ್ರೆ ನಿಮ್ಮ ವಾಯ್ಸ್ ಪ್ಯಾಕೆಟಿಗಿದ್ದ ಗುರುತನ್ನ ನಿಮ್ಮ ಸ್ವಿಚ್ಚೇ ಅಳಿಸಿ ಬ್ಯಾಕಪ್ ಜೊತೆ ಒಂದೇ ಸಾಲಲ್ಲಿ ನಿಲ್ಸ್ತಿದೆ.

ಎರಡನೇದು ಬಫರ್, ಅಂದ್ರೆ ಪ್ಯಾಕೆಟ್ ಕಾಯೋ ಜಾಗ. ಆಫ್ ಇದ್ದಾಗ ಪೋರ್ಟಿನ ಬಫರ್ ಭಾಗ ಆಗಿರಲ್ಲ, ಎಲ್ಲಾ ಟ್ರಾಫಿಕ್ಕೂ ಅದನ್ನೇ ಬಳಸತ್ತೆ. ಆನ್ ಮಾಡಿದ ಮೇಲೆ ನಾಲ್ಕು ಎಗ್ರೆಸ್ ಕ್ಯೂ (ಆಚೆ ಹೋಗೋ ಸಾಲು), ಒಂದೊಂದಕ್ಕೆ 25 ಪರ್ಸೆಂಟ್ ಹಂಚಿಕೆ. ಡಿಎಸ್‌ಸಿಪಿ 0 ಇಂದ 15 ತನಕ ಇರೋದೆಲ್ಲಾ ಎರಡನೇ ಕ್ಯೂಗೆ ಬೀಳತ್ತೆ. ಈಗ ಎಲ್ಲಾ 0 ಆಗಿದೆಯಲ್ಲ, ಹಾಗಾಗಿ ಪೂರ್ತಿ ಟ್ರಾಫಿಕ್ಕು ಕಾಲು ಭಾಗ ಬಫರ್ ಒಳಗೆ ನುಗ್ತಿದೆ, ಉಳಿದ ಮೂರು ಸುಮ್ನೆ ಖಾಲಿ ಕೂತಿವೆ. ಫೈಲ್ ಕಾಪಿ ನಿಧಾನ ಆಗಿದ್ದಕ್ಕೆ ಕಾರಣ ಇದೇ.

ನಾನ್ ಹೇಳಿದ್ದನ್ನ ಹಾಗೇ ನಂಬ್ಬೇಡಿ, ನೀವೇ ನೋಡಿ. ಕೌಂಟರ್ ಕ್ಲಿಯರ್ ಮಾಡಿ, ಬ್ಯಾಕಪ್ ನಡೀತಿರೋವಾಗ ಒಂದು ಫೋನ್ ಪೋರ್ಟಿನ ಮೇಲೆ ಮತ್ತೆ ಅಪ್‌ಲಿಂಕ್ ಮೇಲೆ "ಶೋ ಎಂಎಲ್‌ಎಸ್ ಕ್ಯೂಓಎಸ್ ಇಂಟರ್ಫೇಸ್", ಪೋರ್ಟ್ ನಂಬರ್, ಆಮೇಲೆ "ಸ್ಟ್ಯಾಟಿಸ್ಟಿಕ್ಸ್" ಅಂತ ಕೊಡಿ. ಡಿಎಸ್‌ಸಿಪಿ ಲೆಕ್ಕ ಐದೈದರ ಸಾಲಾಗಿ ಬರತ್ತೆ, "45 - 49" ಅನ್ನೋ ಸಾಲಲ್ಲಿ ಎರಡನೇ ಅಂಕಿನೇ 46. ಫೋನ್ ಪೋರ್ಟಿನ ಇನ್‌ಕಮಿಂಗ್‌ನಲ್ಲಿ ಅದು ಏರ್ತಿರ್ಬೇಕು, ಅಪ್‌ಲಿಂಕಿನ ಔಟ್‌ಗೋಯಿಂಗ್‌ನಲ್ಲಿ ಸೊನ್ನೆ ಇದ್ರೆ ಗುರುತು ಮಧ್ಯದಲ್ಲೇ ಅಳಿಸಿಹೋಗಿದೆ ಅಂತ ಅರ್ಥ. ಕೆಳಗಡೆ ಡ್ರಾಪ್ ಲೆಕ್ಕನೂ ಇರತ್ತೆ, ಅಲ್ಲಿ ಒಂದು ವಿಷ್ಯ ನೆನಪಿಟ್ಕೊಳ್ಳಿ, ಕಾನ್ಫಿಗ್‌ನಲ್ಲಿ ಕ್ಯೂಗಳು 1 ಇಂದ 4, ಆದ್ರೆ ಈ ಔಟ್‌ಪುಟ್‌ನಲ್ಲಿ 0 ಇಂದ 3 ಅಂತ ತೋರ್ಸತ್ತೆ. "ಕ್ಯೂ 1" ನಲ್ಲಿ ಡ್ರಾಪ್ ಕಂಡು ಅಯ್ಯೋ ಪ್ರಯಾರಿಟಿ ಕ್ಯೂನೇ ಬೀಳ್ತಿದೆ ಅಂತ ಗಾಬರಿ ಆಗ್ಬೇಡಿ, ಅದು ಕಾನ್ಫಿಗ್ ಲೆಕ್ಕದಲ್ಲಿ ಎರಡನೇದು.

ಅಪ್‌ಲಿಂಕ್_ಗುರು:

ಮೇಲಿನವ್ರು ಹೇಳಿದ್ದು ಸರಿ. 18 ಪರ್ಸೆಂಟ್ ಗ್ರಾಫ್ ಬಗ್ಗೆ ಮಾತ್ರ ನಾನ್ ಹೇಳ್ತೀನಿ, ಯಾಕಂದ್ರೆ ಜಾಸ್ತಿ ಜನ ಎಡವೋದು ಅಲ್ಲೇ.

5 ನಿಮಿಷದ ಆವರೇಜ್ ಅಂದ್ರೆ 300 ಸೆಕೆಂಡಿನ ಲೆಕ್ಕ. ಪ್ಯಾಕೆಟ್ ಬೀಳೋದು ಮಿಲಿಸೆಕೆಂಡಿನ ಒಳಗೆ. ಎರಡು ಪಿಸಿ ಒಂದೇ ಕ್ಷಣಕ್ಕೆ ಗಿಗಾಬಿಟ್ ಸ್ಪೀಡಲ್ಲಿ ತಳ್ಳಿದ್ವು ಅಂದ್ಕೊಳ್ಳಿ, ಒಳಗೆ ಬರೋದು 2 ಗಿಗಾಬಿಟ್, ಆಚೆ ಹೋಗೋ ಬಾಗ್ಲು 1 ಗಿಗಾಬಿಟ್, ಉಳಿದ ಒಂದು ಗಿಗಾಬಿಟ್ ಅಂದ್ರೆ ಪ್ರತಿ ಮಿಲಿಸೆಕೆಂಡಿಗೆ 125 ಕಿಲೋಬೈಟು ಬಫರ್‌ನಲ್ಲಿ ಕೂರ್ಬೇಕು. ಒಂದು ಮೆಗಾಬೈಟ್ ಬಫರ್ ಇದ್ರೂ 8 ಮಿಲಿಸೆಕೆಂಡಿಗೆ ತುಂಬಿಹೋಯ್ತು, ಆಮೇಲೆ ಬಂದಿದ್ದೆಲ್ಲಾ ಕೆಳಗೆ. ನಿಮ್ಮಲ್ಲಿ ಎರಡಲ್ಲ, ಒಂದು ಸ್ವಿಚ್‌ಗೆ ಮೂವತ್ತೈದು ಪಿಸಿ. ಇದನ್ನೇ ಮೈಕ್ರೋಬರ್ಸ್ಟ್ ಅನ್ನೋದು, ಗ್ರಾಫಲ್ಲಿ ಇದು ಕಾಣೋದೇ ಇಲ್ಲ, ಡ್ರಾಪ್ ಕೌಂಟರಲ್ಲಿ ಮಾತ್ರ ಕಾಣತ್ತೆ.

ಬ್ಯಾಕಪ್‌ಗೆ ಪ್ಯಾಕೆಟ್ ಬಿದ್ರೆ ಟಿಸಿಪಿ ಮತ್ತೆ ಕಳ್ಸತ್ತೆ, ನಿಮಗೆ ಗೊತ್ತೂ ಆಗಲ್ಲ. ವಾಯ್ಸ್ ಹಾಗಲ್ಲ. ಜಿ.711 (ಮಾತನ್ನ ಡಿಜಿಟಲ್ ಮಾಡೋ ಒಂದು ರೀತಿ) ನಲ್ಲಿ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50, ಬಿದ್ದಿದ್ದು ಬಿದ್ದೇ ಹೋಯ್ತು, ಅಷ್ಟು ಮಾತು ಮಾಯ.

ಇನ್ನೊಂದು, ನೀವು ಹೇಳಿದ್ರಲ್ಲ ನಮ್ಮ ಮಾತು ಮಾತ್ರ ಕಡಿಯತ್ತೆ ಅಂತ, ಅದೇ ದೊಡ್ಡ ಸುಳಿವು ಸರ್. ಕ್ಯೂ ಅನ್ನೋದು ಆಚೆ ಹೋಗೋ ದಿಕ್ಕಿನಲ್ಲಿ ಕಟ್ಟತ್ತೆ. ಫ್ಲೋರ್ ಸ್ವಿಚ್‌ನಿಂದ ಕೋರ್ ಕಡೆಗೆ ಹೋಗೋ ಅಪ್‌ಲಿಂಕ್ ಎಗ್ರೆಸ್ಸೇ ಇರುಕಲು ಜಾಗ, ಕೋರ್‌ನಿಂದ ಫೋನ್ ಕಡೆ ಬರೋದು ಆರಾಮಾಗಿ ಬರ್ತಿದೆ. ಬೇರೆ ಪೋರ್ಟ್‌ಗಳಲ್ಲಿ ಏನೇನೋ ಪಾಲಿಸಿ ಬರೆಯೋ ಮುಂಚೆ ಆ ಎರಡು ಅಪ್‌ಲಿಂಕ್ ಪೋರ್ಟ್ ಸರಿ ಮಾಡಿ.

ಲಿಂಕ್_ಎರಡು:

ಇಷ್ಟೆಲ್ಲಾ ಯಾಕೆ, ಅಪ್‌ಲಿಂಕ್ ಇನ್ನೊಂದು ಎಳೆದು ಎಲ್‌ಎಸಿಪಿ (ಎರಡು ಲಿಂಕ್ ಸೇರಿಸಿ ಒಂದಾಗಿಸೋದು) ಮಾಡಿ, ಕೆಲ್ಸ ಮುಗೀತು. ಅದೂ ಆಗಲ್ಲ ಅಂದ್ರೆ ಅಪ್‌ಲಿಂಕ್ ಮೇಲೆ ಫ್ಲೋ ಕಂಟ್ರೋಲ್ ಆನ್ ಮಾಡಿ, ಬಫರ್ ತುಂಬಿದ್ರೆ ಕಳ್ಸೋನು ನಿಲ್ಲಿಸ್ತಾನೆ, ಡ್ರಾಪೇ ಇರಲ್ಲ.

ಅಪ್‌ಲಿಂಕ್_ಗುರು:

ಫ್ಲೋ ಕಂಟ್ರೋಲ್ ಬೇಡ, ಇದು ಖಡಾಖಂಡಿತ ಹೇಳ್ತೀನಿ. 802.3ಎಕ್ಸ್ ಪಾಝ್ ಫ್ರೇಮ್‌ಗೆ (ಸ್ವಲ್ಪ ಹೊತ್ತು ನಿಲ್ಸಿ ಅನ್ನೋ ಸಂದೇಶ) ಯಾವ್ದು ವಾಯ್ಸ್ ಯಾವ್ದು ಬ್ಯಾಕಪ್ ಅಂತ ಗೊತ್ತಾಗಲ್ಲ, ಲಿಂಕನ್ನೇ ಪೂರ್ತಿ ನಿಲ್ಸಿಬಿಡತ್ತೆ. ಬ್ಯಾಕಪ್ ತುಂಬಿಸಿದ ತಪ್ಪಿಗೆ ಫೋನೂ ನಿಂತ್ಕೊಳ್ಬೇಕು. ಪ್ರಯಾರಿಟಿ ಪ್ರಕಾರ ನಿಲ್ಸೋಕೆ ಅಂತ್ಲೇ 802.1ಕ್ಯೂಬಿಬಿ ಬಂದಿದ್ದು, ಅದು ಡೇಟಾ ಸೆಂಟರ್ ಸ್ವಿಚ್‌ಗಳಲ್ಲಿ ಬಳಸೋದು, ಫೋನ್ ಹಾಕಿರೋ ಫ್ಲೋರ್ ಸ್ವಿಚ್‌ಗಲ್ಲ.

ಎರಡನೇ ಲಿಂಕ್ ಹಾಕೋದು ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಎಲ್‌ಎಸಿಪಿ ಹ್ಯಾಶ್ (ವಿಳಾಸದಿಂದ ಲೆಕ್ಕ ಹಾಕಿದ ಅಂಕಿ) ನೋಡಿ ಹಂಚೋದು, ಒಂದು ಫ್ಲೋ ಒಂದೇ ಲಿಂಕ್ ಮೇಲೆ ಹೋಗತ್ತೆ. ಎಲ್ಲಾ ಪಿಸಿನೂ ಒಂದೇ ಬ್ಯಾಕಪ್ ಸರ್ವರ್ ಕಡೆ ಹೋಗ್ತಿರೋದು, ಹ್ಯಾಶ್ ಬರೀ ಡೆಸ್ಟಿನೇಷನ್ ಮೇಲೆ ಇದ್ರೆ ಅಷ್ಟೂ ಒಂದೇ ತಂತಿ ಮೇಲೆ ಹೋಗಿ ಇನ್ನೊಂದು ಖಾಲಿ ಇರತ್ತೆ. ಲಿಂಕ್ ದಪ್ಪ ಮಾಡಿದ್ರೆ ಬರ್ಸ್ಟ್ ಕಮ್ಮಿ ಆಗತ್ತೆ, ಇಲ್ಲದೇ ಹೋಗಲ್ಲ.

ಹಳೇ_ಕೇಬಲ್:

ಹೌದು. ಈಗ ಮಾಡ್ಬೇಕಾದ ಕೆಲ್ಸ ಹೇಳ್ತೀನಿ, ಆಫೀಸ್ ಮುಗಿದ ಮೇಲೆ ಮಾಡಿ, ಕ್ಯೂ ಸೆಟ್ (ಬಫರ್ ಹಂಚಿಕೆಯ ಸೆಟ್ಟಿಂಗ್) ಬದಲಾಯ್ಸಿದ್ರೆ ಅದನ್ನ ಬಳಸ್ತಿರೋ ಎಲ್ಲಾ ಪೋರ್ಟಿಗೂ ಒಟ್ಟಿಗೆ ಅನ್ವಯ ಆಗತ್ತೆ.

ಫೋನ್ ಪೋರ್ಟ್‌ಗಳಲ್ಲಿ "ಎಂಎಲ್‌ಎಸ್ ಕ್ಯೂಓಎಸ್ ಟ್ರಸ್ಟ್ ಸಿಓಎಸ್" ಕೊಡಿ. ಟ್ರಸ್ಟ್ ಡಿಎಸ್‌ಸಿಪಿ ಯಾಕೆ ಬೇಡ ಅಂದ್ರೆ ಹಿಂದೆ ಪಿಸಿ ಇದೆ, ಪಿಸಿಯಲ್ಲಿರೋ ಯಾವ್ದೋ ಒಂದು ಪ್ರೋಗ್ರಾಂ ತಾನೇ 46 ಹಾಕ್ಕೊಂಡ್ರೆ ಅದೂ ವಾಯ್ಸ್ ಕ್ಯೂಗೆ ನುಗ್ಗತ್ತೆ. ಸಿಓಎಸ್ ಅನ್ನೋ ಆದ್ಯತೆ ಗುರುತು ಇರೋದು ವಿಎಲ್ಯಾನ್ ಟ್ಯಾಗ್ ಒಳಗೆ, ಮೂರು ಬಿಟ್‌ನದು. ಫೋನಿನ ಮಾತು ಟ್ಯಾಗ್ ಜೊತೆ 5 ಅಂತ ಬರತ್ತೆ, ಪಿಸಿದು ಟ್ಯಾಗ್ ಇಲ್ದೇ ಬರತ್ತೆ, ಟ್ಯಾಗ್ ಇಲ್ಲದ್ದಕ್ಕೆ ಸ್ವಿಚ್ 0 ಅಂತ ಹಿಡಿಯತ್ತೆ, ತಾನಾಗೇ ಬೇರೆ ಆಯ್ತು. ನೆಟ್ಟಲ್ಲಿ "ಟ್ರಸ್ಟ್ ಡಿವೈಸ್ ಸಿಸ್ಕೋ ಫೋನ್" ಅಂತ ಒಂದು ಸಾಲು ಸಿಗತ್ತೆ, ಅದು ಸಿಡಿಪಿ (ಸಿಸ್ಕೋ ಸಾಧನಗಳು ಒಂದನ್ನೊಂದು ಗುರುತಿಸೋ ಪ್ರೋಟೋಕಾಲ್) ಮೇಲೆ ಆ ಕಂಪ್ನಿ ಫೋನ್ ಕಂಡ್ರೆ ಮಾತ್ರ ನಂಬೋದು, ನಿಮ್ಮದು ಬೇರೆ ಫೋನ್ ಆದ್ರಿಂದ ಅದನ್ನ ಹಾಕಿದ್ರೆ ಪೋರ್ಟ್ ಯಾವತ್ತೂ ನಂಬೋದೇ ಇಲ್ಲ. ನಿಮ್ಮ ಫೋನ್‌ಗೆ ವಿಎಲ್ಯಾನ್, ಸಿಓಎಸ್, ಡಿಎಸ್‌ಸಿಪಿ ಮೂರನ್ನೂ ಎಲ್‌ಎಲ್‌ಡಿಪಿ ಮೆಡ್ (ಬೇರೆ ಕಂಪ್ನಿಗಳಿಗೂ ಇರೋ ಅಂಥದ್ದೇ ಪ್ರೋಟೋಕಾಲ್) ಮೂಲಕ ಸ್ವಿಚ್ಚಿಂದ್ಲೇ ಹೇಳ್ಬಹುದು, ಒಂದೊಂದು ಫೋನ್ ಕೈಲಿ ಹಿಡಿದು ಸೆಟ್ ಮಾಡೋದು ತಪ್ಪತ್ತೆ.

ಅಪ್‌ಲಿಂಕ್ ಮೇಲೆ "ಟ್ರಸ್ಟ್ ಡಿಎಸ್‌ಸಿಪಿ", ಇಲ್ದಿದ್ರೆ ಕೋರ್ ಕಡೆಯಿಂದ ಬರೋ ವಾಯ್ಸ್‌ನೂ ಸೊನ್ನೆ ಮಾಡತ್ತೆ. ಜೊತೆಗೆ ಅಲ್ಲೇ "ಪ್ರಯಾರಿಟಿ ಕ್ಯೂ ಔಟ್" ಕೊಡೋದು ಮರೀಬೇಡಿ. ಇದು ಯಾಕೆ ಮುಖ್ಯ ಅಂದ್ರೆ, ಡೀಫಾಲ್ಟಲ್ಲಿ ಮೊದಲ್ನೇ ಕ್ಯೂ ಪ್ರಯಾರಿಟಿ ಕ್ಯೂ ಅಲ್ಲವೇ ಅಲ್ಲ. ಅದರ ಶೇಪ್ ವೆಯ್ಟ್ 25, ಅಂದ್ರೆ ಪೋರ್ಟ್ ಸ್ಪೀಡಿನ 25 ರಲ್ಲಿ ಒಂದು ಭಾಗಕ್ಕೆ ಕಟ್ಟಿಹಾಕಿದೆ. ಗಿಗಾಬಿಟ್ ಪೋರ್ಟಲ್ಲಿ 40 ಎಂಬಿಪಿಎಸ್, 100 ಎಂಬಿಪಿಎಸ್ ಪೋರ್ಟಲ್ಲಿ ಬರೀ 4 ಎಂಬಿಪಿಎಸ್. ಜಿ.711 ಒಂದು ಕಾಲಿಗೆ ಈಥರ್ನೆಟ್ ಹೆಡರ್ ಸೇರಿ 87 ಕೆಬಿಪಿಎಸ್ ಅಂತ ಹಿಡಿದ್ರೆ 4 ಎಂಬಿಲಿ 45 ಕಾಲ್ ಆದ್ಮೇಲೆ ವಾಯ್ಸೇ ಬೀಳೋಕೆ ಶುರು, ಲಿಂಕ್ ಪೂರ್ತಿ ಖಾಲಿ ಇದ್ರೂ. ಪ್ರಯಾರಿಟಿ ಕ್ಯೂ ಔಟ್ ಕೊಟ್ರೆ ಮೊದಲ್ನೇ ಕ್ಯೂಗೆ ಆ ಕಟ್ಟು ಬಿಚ್ಚಿ, ಅದು ಖಾಲಿ ಆಗೋ ತನಕ ಬೇರೆಯವು ಕಾಯ್ತವೆ.

ಆಮೇಲೆ ಬಫರ್. ನಿಮ್ಮ ವಾಯ್ಸ್ 70 ಫೋನೂ ಒಟ್ಟಿಗೆ ಮಾತಾಡಿದ್ರೂ 6 ಎಂಬಿಪಿಎಸ್ ಚಿಲ್ಲರೆ, ಅದಕ್ಕೆ ದೊಡ್ಡ ಬಫರ್ ಬೇಕಾಗಿಲ್ಲ, ಕ್ಯೂ ಉದ್ದ ಆದಷ್ಟೂ ತಡ ಜಾಸ್ತಿ. ನಾನಾದ್ರೆ ಬಫರನ್ನ 10, 60, 15, 15 ಅಂತ ಹಂಚಿ, ಎರಡನೇ ಕ್ಯೂನ ಥ್ರೆಶೋಲ್ಡ್ (ಡ್ರಾಪ್ ಶುರುವಾಗೋ ಮಿತಿ) ಏರ್ಸ್ತೀನಿ, ಕಾಮನ್ ಪೂಲ್‌ನಿಂದ ಸಾಲ ತಗೊಳ್ಳೋಕೆ ಬಿಡ್ತೀನಿ. ಹಳೇ ಐಓಎಸ್‌ನಲ್ಲಿ (ಸ್ವಿಚ್ಚಿನ ಸಾಫ್ಟ್‌ವೇರ್) ಅದು 400 ಪರ್ಸೆಂಟ್ ತನಕ, ಹೊಸದ್ರಲ್ಲಿ 3200 ತನಕ ಹೋಗತ್ತೆ.

9300 ಕಡೆ ಟ್ರಸ್ಟ್ ಅಂತ ಏನೂ ಕೊಡೋದು ಬೇಡ, ಅದು ಬಂದ ಡಿಎಸ್‌ಸಿಪಿನ ಹಾಗೇ ಉಳ್ಸ್ಕೊಳತ್ತೆ. ಹಳೇದೂ ಹೊಸದೂ ಈ ವಿಷ್ಯದಲ್ಲಿ ಉಲ್ಟಾ, ಒಂದರ ಅಭ್ಯಾಸ ಇನ್ನೊಂದಕ್ಕೆ ತಗೊಂಡು ಹೋದ್ರೆ ಕೆಡತ್ತೆ.

ಆಫೀಸ್_ನೆಟ್‌ವರ್ಕ್:

ಸರ್ ಇಬ್ರಿಗೂ ತುಂಬಾ ಥ್ಯಾಂಕ್ಸ್. ಮೊದ್ಲು ಏನೂ ಬದಲಾಯ್ಸ್ದೇ ಕೌಂಟರ್ ನೋಡ್ದೆ. ಫೋನ್ ಪೋರ್ಟಲ್ಲಿ ಇನ್‌ಕಮಿಂಗ್ 46 ಏರ್ತಾ ಇತ್ತು, ಅಪ್‌ಲಿಂಕಲ್ಲಿ ಔಟ್‌ಗೋಯಿಂಗ್ 46 ಸೊನ್ನೆ, ಡ್ರಾಪ್ ಅಷ್ಟೂ "ಕ್ಯೂ 1" ಸಾಲಲ್ಲೇ. ನೀವು ಹೇಳಿದ ಹಾಗೇ ಅಕ್ಷರಶಃ. ಅದನ್ನ ಕಣ್ಣಾರೆ ನೋಡಿದಾಗ್ಲೇ ನನಗೆ ಅರ್ಥ ಆಗಿದ್ದು.

ರಾತ್ರಿ ಎಲ್ಲಾ ಹಾಕ್ದೆ. ಇವತ್ತು ಬೆಳಿಗ್ಗೆ ಬ್ಯಾಕಪ್ ಟೈಮಲ್ಲಿ ಇನ್ನೊಂದು ಬ್ಲಾಕಿಗೆ ಕಾಲ್ ಮಾಡಿ ಹತ್ತು ನಿಮಿಷ ಮಾತಾಡ್ದೆ, ಒಂದು ಅಕ್ಷರ ತಪ್ಪಿಲ್ಲ. ಆದ್ರೆ ಹೊರಗಿನ ಕಾಲ್ ಇನ್ನೂ ಆಗಾಗ ಕಡಿಯತ್ತೆ, ಯಾರಾದ್ರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡಿದಾಗ. ರೌಟರಲ್ಲಿ ಇಎಫ್ (ಡಿಎಸ್‌ಸಿಪಿ 46 ರ ಹೆಸರು) ಮ್ಯಾಚ್ ಮಾಡೋ ಕ್ಲಾಸ್ ಮುಂಚಿಂದ್ಲೂ ಇದೆ, ಪ್ರಯಾರಿಟಿ 4 ಎಂಬಿ ಕೊಟ್ಟಿದೆ, ಆದ್ರೆ ಆ ಕ್ಲಾಸ್‌ನಲ್ಲಿ ಪ್ಯಾಕೆಟ್ ಕೌಂಟ್ ಏರೋದೇ ಇಲ್ಲ. ಫೋನ್ 46 ಹಾಕ್ತಿರೋದು ಗ್ಯಾರಂಟಿ. ಮತ್ತೆ ಎಲ್ಲಿ ಹೋಯ್ತು?

ಮಾರ್ಕಿಂಗ್_ಪಾಠ:

ಇದು ನಾನೂ ಒಂದು ಸಲ ಪೂರ್ತಿ ದಿನ ಹುಡುಕಿದ್ದು, ಅದಕ್ಕೇ ಬರೀತಿದೀನಿ. ಅಪ್‌ಲಿಂಕ್ ಸ್ಟ್ಯಾಟಿಸ್ಟಿಕ್ಸಲ್ಲಿ ಔಟ್‌ಗೋಯಿಂಗ್ "40 - 44" ಸಾಲು ನೋಡಿ, ಮೊದಲ್ನೇ ಅಂಕಿ ಏರ್ತಿರತ್ತೆ.

ಟ್ರಸ್ಟ್ ಸಿಓಎಸ್ ಕೊಟ್ಟಾಗ ಸ್ವಿಚ್ ಫೋನ್ ಹಾಕಿದ ಡಿಎಸ್‌ಸಿಪಿ ನೋಡೋದಿಲ್ಲ, ಸಿಓಎಸ್ 5 ನೋಡಿ ತನ್ನ ಟೇಬಲ್ ಪ್ರಕಾರ ಹೊಸ ಡಿಎಸ್‌ಸಿಪಿ ಬರೆಯತ್ತೆ. ಡೀಫಾಲ್ಟ್ ಟೇಬಲ್ ಸುಮ್ನೆ ಎಂಟರಿಂದ ಗುಣಿಸೋದು, ಐದೆಂಟ್ಲೆ ನಲವತ್ತು. 40 ಇಂದ 47 ತನಕ ಮೊದಲ್ನೇ ಕ್ಯೂಗೇ ಹೋಗೋದ್ರಿಂದ ನಿಮ್ಮ ಫ್ಲೋರ್ ಸ್ವಿಚ್‌ನಲ್ಲಿ ಎಲ್ಲಾ ಸರಿಯಾಗಿ ಕಾಣತ್ತೆ. ರೌಟರ್ ಮಾತ್ರ 46 ಬರ್ಲಿ ಅಂತ ಕಾಯ್ತಿದೆ, ಬರೋದು 40, ಅದು ಡೀಫಾಲ್ಟ್ ಕ್ಲಾಸ್‌ಗೆ ಹೋಗಿ ಅಪ್‌ಲೋಡ್ ಜೊತೆ ಒದ್ದಾಡತ್ತೆ.

ಎರಡೂ ಸ್ವಿಚ್ಚಲ್ಲಿ "ಎಂಎಲ್‌ಎಸ್ ಕ್ಯೂಓಎಸ್ ಮ್ಯಾಪ್ ಸಿಓಎಸ್-ಡಿಎಸ್‌ಸಿಪಿ 0 8 16 24 32 46 48 56" ಅಂತ ಕೊಡಿ. ಆರನೇ ಅಂಕಿ ಮಾತ್ರ ಬದಲು. ಆಟೋ ಕ್ಯೂಓಎಸ್ ಬಳಸಿದ್ರೆ ಈ ಸಾಲು ತಾನೇ ಬರತ್ತೆ, ಕೈಯಲ್ಲಿ ಬರೆಯೋರಿಗೇ ಇದು ತಪ್ಪಿಹೋಗೋದು.

ಹಾಗೇ ರೌಟರಲ್ಲಿ ಇನ್ನೊಂದು ಚೆಕ್ ಮಾಡಿ. ಇಂಟರ್ನೆಟ್ ಕಡೆ ಇಂಟರ್ಫೇಸ್ ಗಿಗಾಬಿಟ್ ಅಂತ ಎದ್ದಿರತ್ತೆ, ಲೈನ್ 100 ಎಂಬಿ. ರೌಟರ್‌ಗೆ ತನ್ನ ಬಾಗ್ಲು ಅಗಲ ಇದೆ ಅಂತ್ಲೇ ಅನ್ಸೋದ್ರಿಂದ ಅದು ಕ್ಯೂ ಕಟ್ಟೋದೇ ಇಲ್ಲ, ಎಲ್ಲಾ ತಳ್ಳಿಬಿಡತ್ತೆ, ಪ್ಯಾಕೆಟ್ ಬೀಳೋದು ಪ್ರೊವೈಡರ್ ಡಬ್ಬದಲ್ಲಿ, ಅಲ್ಲಿ ನಿಮ್ಮ ಗುರುತಿಗೆ ಬೆಲೆ ಇರಲ್ಲ. ಅದಕ್ಕೆ ಹೊರಗೊಂದು ಪೇರೆಂಟ್ ಪಾಲಿಸಿ ಹಾಕಿ 95 ಎಂಬಿಪಿಎಸ್‌ಗೆ ಶೇಪ್ ಮಾಡಿ (ವೇಗಕ್ಕೆ ಮಿತಿ ಹಾಕಿ ಹೆಚ್ಚಾಗಿದ್ದನ್ನ ಕಾಯ್ಸೋದು), ಈಗಿರೋ ಪ್ರಯಾರಿಟಿ ಪಾಲಿಸಿನ ಅದರೊಳಗೆ ಚೈಲ್ಡ್ ಮಾಡಿ. ಆಗ ಕ್ಯೂ ನಿಮ್ಮ ರೌಟರ್ ಒಳಗೇ ಕಟ್ಟತ್ತೆ, ಯಾರು ಮುಂದೆ ಹೋಗ್ಬೇಕು ಅಂತ ನೀವು ಹೇಳ್ಬಹುದು. ಪೊಲೀಸ್ ಮಾಡ್ಬೇಡಿ, ಅದು ಹೆಚ್ಚಾಗಿದ್ದನ್ನ ಬಿಸಾಡತ್ತೆ ಅಷ್ಟೇ, ಕಾಯ್ಸೋದಿಲ್ಲ.

ಡೌನ್‌ಲೋಡ್ ದಿಕ್ಕು ಮಾತ್ರ ಇದರಿಂದ ಸರಿಹೋಗಲ್ಲ, ಅಲ್ಲಿ ಕ್ಯೂ ಅವ್ರ ಕಡೆ ಇರತ್ತೆ.

ವೈಫೈ_ಕಡೆಯವನು:

ಯಾರಾದ್ರೂ ಲ್ಯಾಪ್‌ಟಾಪಲ್ಲೋ ಮೊಬೈಲಲ್ಲೋ ಸಾಫ್ಟ್‌ಫೋನ್ ಬಳಸ್ತಾರಾ ನಿಮ್ಮಲ್ಲಿ? ಬಳಸೋದಾದ್ರೆ ಆ ಕಡೆನೂ ಒಂದು ಕಣ್ಣಿಡಿ. ವೈಫೈನಲ್ಲಿ ಡಬ್ಲ್ಯೂಎಂಎಂ ಅನ್ನೋ ಆದ್ಯತೆ ವ್ಯವಸ್ಥೆಯಲ್ಲಿ ನಾಲ್ಕು ದರ್ಜೆ ಇದೆ, ವಾಯ್ಸ್, ವಿಡಿಯೋ, ಬೆಸ್ಟ್ ಎಫರ್ಟ್, ಬ್ಯಾಕ್‌ಗ್ರೌಂಡ್. ತುಂಬಾ ಸಾಧನಗಳು ಡಿಎಸ್‌ಸಿಪಿಯ ಮೇಲಿನ ಮೂರು ಬಿಟ್ ಮಾತ್ರ ತಗೊಂಡು ಇದನ್ನ ತೀರ್ಮಾನ ಮಾಡ್ತವೆ. 46 ನ ಬೈನರಿಲಿ ಬರೆದ್ರೆ 101110, ಮೇಲಿನ ಮೂರು 101, ಅಂದ್ರೆ 5, ಡಬ್ಲ್ಯೂಎಂಎಂ ಲೆಕ್ಕದಲ್ಲಿ 5 ವಿಡಿಯೋ, ವಾಯ್ಸ್ ಅಂದ್ರೆ 6 ಮತ್ತೆ 7. ಹೀಗಾಗಿ ಫೋನ್ ಮಾತು ವಿಡಿಯೋ ಸಾಲಲ್ಲಿ ಹೋಗತ್ತೆ. 2018 ರ ಆರ್‌ಎಫ್‌ಸಿ 8325 (ಇಂಟರ್ನೆಟ್ ಮಾನದಂಡದ ದಾಖಲೆ) ಇದನ್ನೇ ಸರಿ ಮಾಡೋಕೆ 46 ನ 6 ಕ್ಕೆ ಜೋಡ್ಸಿ ಅಂತ ಹೇಳತ್ತೆ, ನಿಮ್ಮ ಆಕ್ಸೆಸ್ ಪಾಯಿಂಟ್ ಕಂಟ್ರೋಲರಲ್ಲಿ ಮ್ಯಾಪ್ ಬದಲಾಯ್ಸೋಕೆ ಜಾಗ ಇದ್ಯಾ ನೋಡಿ.

ಆಕ್ಸೆಸ್ ಪಾಯಿಂಟ್ ಕೂತಿರೋ ಸ್ವಿಚ್ ಪೋರ್ಟಲ್ಲಿ ಟ್ರಸ್ಟ್ ಡಿಎಸ್‌ಸಿಪಿನೇ ಕೊಡಿ, ಅಲ್ಲಿ ಸಿಓಎಸ್ ನಂಬಿದ್ರೆ ನೇಟಿವ್ ವಿಎಲ್ಯಾನ್‌ದು ಟ್ಯಾಗ್ ಇಲ್ದೇ ಬಂದು ಸೊನ್ನೆ ಆಗ್ಬಹುದು.

ಆಫೀಸ್_ನೆಟ್‌ವರ್ಕ್:

ಮಾರ್ಕಿಂಗ್_ಪಾಠ ಅವ್ರೇ, 40 ಅಂದ್ರಲ್ಲ, ಅದೇ ಅದೇ. ನೋಡಿದ್ರೆ "40 - 44" ಸಾಲಿನ ಮೊದಲ್ನೇ ಅಂಕಿ ಲಕ್ಷ ದಾಟಿತ್ತು, ಪಕ್ಕದ ನಾಲ್ಕೂ ಸೊನ್ನೆ. ಮ್ಯಾಪ್ ಸಾಲು ಹಾಕಿದ ತಕ್ಷಣ ಅದು ನಿಂತು ಕೆಳಗಿನ ಸಾಲಲ್ಲಿ 46 ಓಡೋಕೆ ಶುರು ಆಯ್ತು, ರೌಟರಲ್ಲಿ ಇಎಫ್ ಕ್ಲಾಸ್ ಕೌಂಟರೂ ಮೊದಲ ಸಲ ಅಲ್ಲಾಡ್ತು. ಶೇಪಿಂಗ್ ಇರ್ಲಿಲ್ಲ, 95 ಕ್ಕೆ ಹಾಕ್ದೆ. ಆಮೇಲೆ ಬೇಕಂತ್ಲೇ ಎರಡು ಪಿಸಿಯಿಂದ ದೊಡ್ಡ ಫೈಲ್ ಅಪ್‌ಲೋಡ್ ಬಿಟ್ಟು ಹೊರಗೆ ಕಾಲ್ ಮಾಡ್ದೆ, ಆ ಕಡೆಯವ್ರು ಎಲ್ಲಾ ಸರಿಯಾಗಿ ಕೇಳ್ತಿದೆ ಅಂದ್ರು. ಶೇಪರ್ ಒಳಗೆ ಡೀಫಾಲ್ಟ್ ಕ್ಲಾಸಲ್ಲಿ ಡ್ರಾಪ್ ಇದೆ, ಇಎಫ್‌ನಲ್ಲಿ ಒಂದೂ ಇಲ್ಲ.

ಅಪ್‌ಲಿಂಕಲ್ಲಿ ಎರಡನೇ ಕ್ಯೂನಲ್ಲಿ ಬ್ಯಾಕಪ್ ಟೈಮಿಗೆ ಸ್ವಲ್ಪ ಡ್ರಾಪ್ ಇನ್ನೂ ಬರತ್ತೆ, ಅದು ಬ್ಯಾಕಪ್‌ದೇ ಆದ್ರಿಂದ ಬಿಟ್ಟಿದೀನಿ, ಎರಡನೇ ಲಿಂಕ್ ಎಳೆದಾಗ ಹ್ಯಾಶನ್ನ ಸೋರ್ಸ್ ಡೆಸ್ಟಿನೇಷನ್ ಎರಡರ ಮೇಲೂ ಇಡ್ತೀನಿ. ವೈಫೈ ಮೇಲೆ ಹನ್ನೆರಡು ಜನ ಸಾಫ್ಟ್‌ಫೋನ್ ಬಳಸ್ತಾರೆ, ಕಂಟ್ರೋಲರಲ್ಲಿ ಮ್ಯಾಪ್ ಹುಡುಕಿದೆ, ಸಿಕ್ತು, 46 ಎದುರು 5 ಅಂತ್ಲೇ ಇದೆ. ಇವತ್ತು ಸಂಜೆ 6 ಮಾಡ್ತೀನಿ.